ಕೋವಿಗೊಂದು ಹಿಡಿ

ನಮ್ಮ ಕಟ್ಟಡದಲ್ಲಿಯೇ ಎರಡು ಮಹಡಿ ಕೆಳಗೆ ಕೊಡಗಿನವರೊಬ್ಬರ ಸಂಸಾರವಿದೆ. ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷ ಮೀರಿದರೂ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ರಜೆ ಹಾಕಿ ಊರಿಗೆ ಹೋಗುವುದನ್ನು ಅವರು ತಪ್ಪಿಸಿದ್ದನ್ನು ನಾವು ಕಂಡಿಲ್ಲ. ಕಳೆದ ಸಲ ಹೋಗಿ ಬಂದವರು ಎಂದಿನಂತೆ ಕಾಫಿಪುಡಿಯ ಪೊಟ್ಟಣ ಕೊಟ್ಟು ಹರಟಲಿಲ್ಲ, ಸುಮ್ಮನೆ ಕುಳಿತರು. ಕೇಳಿದ್ದಕ್ಕೆ ಹೇಳಿದರು: ಆಯುಧಪೂಜೆಗೆಂದು ಐನ್‌ಮನೆಯ ಜೋಡುನಳಿಗೆಯ ಕೋವಿಯನ್ನು ಒರೆಸುತ್ತಿದ್ದಾಗ ಅದರ ಮರದ ಕುತ್ತಿಗೆಯಲ್ಲಿ ಉದ್ದಕ್ಕೊಂದು ಬಿರುಕು ಕಂಡಿದೆ. ಅಜ್ಜ ಕೊಂಡ ಕೋವಿ. ಅಪ್ಪ ತೀರಿಕೊಂಡಾಗ ಅಂಗಳದಲ್ಲಿ ಎರಡು ಗುಂಡು ಹಾರಿಸಿದ್ದೂ ಅದರಿಂದಲೇ.

ಅಮೆರಿಕದಲ್ಲಿರುವ ಅವರ ಅಕ್ಕನ ಮಗ ಒಂದು ಚಿತ್ರ ಕಳಿಸಿದ್ದಾನೆ. ಅವನು ಅಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೋಗುವವನು. ಅವನ ಕೋವಿಗೆ ಪಿಸ್ತೂಲಿನಂತೆ ಕೆಳಕ್ಕೆ ಬಾಗಿದ ಹಿಡಿ. "ಮಾವ, ಹಳೇ ಮರ ಕಿತ್ತುಹಾಕಿ ಇಂಥದ್ದು ಹಾಕಿಸಿ, ಒದೆತವೂ ಕಡಿಮೆ, ಗುರಿಯೂ ಚೆನ್ನ" ಎಂಬುದು ಅವನ ಸಲಹೆ. ಮಾವನವರಿಗೆ ಮನಸ್ಸೊಪ್ಪದು, ಅಳಿಯನ ಮಾತನ್ನು ತಳ್ಳಿಹಾಕಲೂ ಆಗದು. "ನೀವು ಬಿ.ಎಸ್ಸಿ. ಮಾಡಿದವರಲ್ವಾ, ಹೇಳಿ ನೋಡುವ, ಯಾವುದು ಸರಿ?" ಎಂದು ನಮ್ಮನ್ನು ಕೇಳಿದರು.

ನಮ್ಮ ಬಿ.ಎಸ್ಸಿ. ಕಡತಗಳ ಅಡಿಯಲ್ಲಿ ಹೂತುಹೋಗಿ ವರ್ಷಗಳಾದವು. ಕೋವಿಯ ಅನುಭವವೆಂದರೆ ಕಾಲೇಜಿನ ಎನ್.ಸಿ.ಸಿ.ಯಲ್ಲಿ ಹೊಡೆದ ಐದು ಗುಂಡುಗಳು ಮಾತ್ರ. ಅವು ಎಲ್ಲಿಗೆ ಹೋದವೋ ಇಂದಿಗೂ ತಿಳಿಯದು. ಆದರೂ ಗುಮಾಸ್ತನಿಗೆ ಒಂದು ಪ್ರಶ್ನೆ ಕೊಟ್ಟರೆ ಹಿಂದಿನ ಕಾಗದಗಳನ್ನೆಲ್ಲ ತೆಗೆದು ನೋಡದೆ ಟಿಪ್ಪಣಿ ಬರೆಯಲಾರ. ಹಾಗೆ ಹುಡುಕುತ್ತ ಹೋದಾಗ ಸಿಕ್ಕ ಸಂಗತಿಗಳು ನಮ್ಮ ಓದುಗರಿಗೂ ರುಚಿಸಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಕೋವಿಯಲ್ಲಿ ಕಬ್ಬಿಣದ ನಳಿಗೆಯ ಹಿಂದೆ, ಕೈಯಲ್ಲಿ ಹಿಡಿದು ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗವೊಂದಿದೆ. ಇಂಗ್ಲಿಷಿನಲ್ಲಿ ಸ್ಟಾಕ್. ನಮ್ಮ ನೆರೆಯ ಮರಾಠಿಗರು ದಸ್ತಾ ಎನ್ನುತ್ತಾರೆ. ನಾವಿಲ್ಲಿ ಸರಳವಾಗಿ 'ಕೋವಿಯ ಮರ' ಎನ್ನುತ್ತೇವೆ. ಅದರಲ್ಲಿ ಬಲಗೈ ಸುತ್ತಿ ಹಿಡಿಯುವ ಸಣ್ಣ ಜಾಗ ಕುತ್ತಿಗೆ. ಈ ಕುತ್ತಿಗೆ ಕೋಲಿನಂತೆ ನೆಟ್ಟಗೆ ಇದ್ದರೆ ಅದು ನೇರ ಹಿಡಿ. ಕೆಳಕ್ಕೆ ಬಾಗಿ ಗೂಟದಂತಾಗಿದ್ದರೆ ಪಿಸ್ತೂಲು ಹಿಡಿ. ಇವೆರಡರ ನಡುವೆ ಅಲ್ಪ ಬಾಗಿನದೊಂದು ಇದೆ, ಅದಕ್ಕೆ ಇಂಗ್ಲೆಂಡಿನ ಯುವರಾಜನ ಪದವಿಯ ಹೆಸರಿಟ್ಟು ಪ್ರಿನ್ಸ್ ಆಫ್ ವೇಲ್ಸ್ ಹಿಡಿ ಎನ್ನುತ್ತಾರೆ. ನೋಡುವವರ ಕಣ್ಣೆಲ್ಲ ನಳಿಗೆಯ ಮೇಲೆ. ಆದರೆ ಕೋವಿ ಯಾರ ಮೈಗೆ ಹೊಂದುತ್ತದೆ, ಯಾರನ್ನು ದೂರ ಇಡುತ್ತದೆ ಎಂಬುದನ್ನು ತೀರ್ಮಾನಿಸುವುದು ಮರ.

ಟರ್ಕಿ ಕೋಳಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಮೆಕ್ಸಿಕೋ ಮೂಲದ ಈ ಹಕ್ಕಿ ಭಾರತಕ್ಕೆ ಬಂದದ್ದು ಗೋವೆಯ ಬಂದರಿನಿಂದ. ಜಹಾಂಗೀರ್ ಬಾದಶಹನ ಆಜ್ಞೆಯಂತೆ ಮುಕರ್ರಬ್ ಖಾನನು ಗೋವೆಯಲ್ಲಿ ಕೊಂಡು 1612ರಲ್ಲಿ ಒಪ್ಪಿಸಿದ ವಿಚಿತ್ರ ಪ್ರಾಣಿಗಳಲ್ಲಿ ಇದೂ ಒಂದು. ಅದರ ತಲೆಯ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನು ಬಾದಶಹನು ಬೆರಗಿನಿಂದ ಬರೆದಿಟ್ಟಿದ್ದಾನೆ. ಮನ್ಸೂರನೆಂಬ ಚಿತ್ರಕಾರ ಬರೆದ ಅದರ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪೋರ್ಚುಗೀಸರು ಈ ಹಕ್ಕಿಯನ್ನು 'ಪೆರು' ಎಂದರು. ನಮ್ಮ ಸ್ಟೇಷನ್ನಿನ ಹೊರಗೆ ಬುಟ್ಟಿಯಿಟ್ಟುಕೊಂಡು 'ಪೇರೂ ಪೇರೂ' ಎಂದು ಕೂಗುವ ಮುದುಕಿ ಮಾರುವುದು ಮಾತ್ರ ಸೀಬೆಹಣ್ಣು. ಸಮುದ್ರದಾಚೆಯಿಂದ ಬಂದದ್ದಕ್ಕೆಲ್ಲ ಒಂದೇ ಊರಿನ ಹೆಸರು ಅಂಟಿಸುವುದು ಹೊಸ ರೂಢಿಯೇನಲ್ಲ.

ಇದೇ ಗೋವೆ ಕೋವಿಯ ಮರದ ಕಥೆಯಲ್ಲಿಯೂ ಬರುತ್ತದೆ. 1510ರಲ್ಲಿ ಪೋರ್ಚುಗೀಸರು ಅದನ್ನು ಬಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡಾಗ ಅಲ್ಲಿಯ ಕಮ್ಮಾರರ ಕೈಚಳಕಕ್ಕೆ ಬೆರಗಾದರು. ಯೂರೋಪಿನ ಯಂತ್ರಕ್ಕೆ ಇಲ್ಲಿಯ ಕೈಕೆಲಸ ಕೂಡಿ ಬತ್ತಿಕೋವಿಯ ಒಂದು ಹೊಸ ಜಾತಿಯೇ ಹುಟ್ಟಿತು. ಅದರ ಮರ ಗಿಡ್ಡ. ಹೆಗಲಿಗೆ ಮುಟ್ಟದು, ಕೆನ್ನೆಗೆ ಒತ್ತಿ ಹಾರಿಸಬೇಕು. 1543ರಲ್ಲಿ ಜಪಾನಿನ ತಾನೆಗಾಶಿಮ ದ್ವೀಪಕ್ಕೆ ಪೋರ್ಚುಗೀಸರ ಜೊತೆ ಹೋದ ಕೋವಿ ಈ ಜಾತಿಯದೇ ಎಂದು ಅನೇಕ ಪಂಡಿತರ ಅಭಿಪ್ರಾಯ. ಜಪಾನೀಯರು ಮುಂದೆ ಮುನ್ನೂರು ವರ್ಷ ಅದೇ ಕೆನ್ನೆಯ ಮರವನ್ನೇ ಬಳಸಿದರು. ನಮ್ಮ ಮಲಬಾರಿನ ಬತ್ತಿಕೋವಿಗಳ ಮರವೂ ಕೆಳಕ್ಕೆ ಬಾಗಿದ್ದು. ಉತ್ತರ ಹಿಂದುಸ್ತಾನದವರದು ಬೇರೆ, ತೊಲೆಯಂತೆ ನೆಟ್ಟಗೆ, ಸಪೂರ. ಸಿಂಹಳದಲ್ಲಿ ಮರದ ತುದಿ ಎರಡು ಕವಲಾಗುತ್ತಿತ್ತು. ಒಂದೇ ಕಾಲ, ಒಂದೇ ಮದ್ದು, ಒಂದೇ ಬತ್ತಿ. ಮರ ಮಾತ್ರ ಊರಿಗೊಂದು.

ಥಾಣೆಯ ಓದುಗರು ಇದನ್ನು ದೂರದ ಮಾತೆಂದು ತಿಳಿಯಬಾರದು. 1730ರಲ್ಲಿ ಪೋರ್ಚುಗೀಸರು ಕಟ್ಟತೊಡಗಿದ ಥಾಣೆಯ ಕೋಟೆ 1737ರಲ್ಲಿ ಮರಾಠರ ಕೈಗೆ, 1774ರಲ್ಲಿ ಇಂಗ್ಲಿಷರ ಕೈಗೆ ಹೋಗಿ, ಕೊನೆಗೆ ಸೆಂಟ್ರಲ್ ಜೈಲಾಯಿತು. ಆ ಗೋಡೆಗಳ ಮೇಲೆ ನಿಂತು ಕೆನ್ನೆಗೆ ಕೋವಿ ಒತ್ತಿದವರೂ ಇದ್ದರು, ಹೆಗಲಿಗೆ ಒತ್ತಿದವರೂ ಇದ್ದರು.

ಕೆನ್ನೆಯಿಂದ ಹೆಗಲಿಗೆ ಕೋವಿ ಇಳಿದದ್ದು ಕಂಪೆನಿ ಸರಕಾರದ ಚಕಮಕಿ ಕೋವಿಗಳ ಕಾಲದಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳೂ ಯೂರೋಪಿನ ಮಾದರಿಯ ಹೆಗಲಮರದ ಚಕಮಕಿ ಕೋವಿಗಳನ್ನೇ ಮಾಡಿದವು, ಮೇಲೆ ಹುಲಿಯ ಪಟ್ಟೆಯ ಅಲಂಕಾರ. ಕವಾಯತು ಕಲಿತ ಸೈನ್ಯಕ್ಕೆ ಒಂದೇ ಅಳತೆಯ ಮರ ಬೇಕು. ಸಿಪಾಯಿಯ ಮೈಗೆ ಕೋವಿ ಹೊಂದಬೇಕೆಂಬ ಯೋಚನೆ ಅಲ್ಲಿಲ್ಲ, ಕೋವಿಗೆ ಸಿಪಾಯಿ ಹೊಂದಿಕೊಳ್ಳಬೇಕು. (ನಮ್ಮ ಆಫೀಸಿನ ಕುರ್ಚಿಗಳ ವಿಷಯದಲ್ಲಿ ಇಂದಿಗೂ ಇದೇ ನಿಯಮ.)

ಇನ್ನು ಕೊಡಗಿಗೆ ಬರೋಣ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ಸೇರಿಸಿಕೊಂಡರು. 1857ರ ದಂಗೆಯ ತರುವಾಯ ದೇಶದ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ಬಂದಾಗ, ಮೈಸೂರು-ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡಗರನ್ನು ಅದರಿಂದ ಬಿಟ್ಟು ಆಜ್ಞೆ ಹೊರಡಿಸಿದ. ಅವನು ಆ ವರ್ಷವೇ ಸ್ವದೇಶಕ್ಕೆ ಹೊರಟು ದಾರಿಯಲ್ಲಿ ತೀರಿಕೊಂಡ, ಆಜ್ಞೆ ಉಳಿಯಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ ಕೆಳಗೆ 1963ರಲ್ಲಿ ಅದೇ ವಿನಾಯಿತಿ ಮುಂದುವರಿಯಿತು. ಕೊಡವರಿಗೂ, ಜಮ್ಮಾ ಹಿಡುವಳಿಯಿರುವ ಇತರರಿಗೂ ಇದು ಅನ್ವಯ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದು ಸಂವಿಧಾನಕ್ಕೆ ವಿರೋಧವೆಂದು ಹೂಡಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು.

ಕಾನೂನು ಏನೇ ಇರಲಿ, ಕೊಡವರಿಗೆ ತೋಕ್, ಅಂದರೆ ಕೋವಿ, ಮನೆಯ ಒಬ್ಬ ಸದಸ್ಯನಂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ಸತ್ತರೆ ಎರಡು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದಲ್ಲಿ ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಕೆಂಪು-ಹಳದಿ ಹೂವು ಸಿಕ್ಕಿಸಿ ಪೂಜೆ. ಹಿಂದೆ ಪೂಜೆಯ ಬೆನ್ನಿಗೆ ಬೇಟೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ನಿಂತಿತು, ನಿಂತದ್ದೂ ಒಳ್ಳೆಯದಾಯಿತು. ಈಗ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯುತ್ತಾರೆ.

ಬತ್ತಿಕೋವಿ ಹೋಗಿ ಕೇಪಿನ ಕೋವಿ ಬಂತು, ಅದರ ಹಿಂದೆ ತೋಟಾ ಕೋವಿ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಕಂಡುಹಿಡಿದ ಸರಳ ಯಂತ್ರದಿಂದ ಜೋಡುನಳಿಗೆಯ ಕೋವಿ ಅಗ್ಗವಾಯಿತು. ನಮ್ಮ ಗೆಳೆಯರ ಅಜ್ಜ ಕೊಂಡದ್ದೂ ಈ ವಂಶದ್ದೇ, 12 ಬೋರ್. ಈ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಿಂದ ನಳಿಗೆಯ ಬಾಯಿಗೆ ಸರಿಹೊಂದುವ ಹನ್ನೆರಡು ಉಂಡೆ ಕಟ್ಟಬಹುದೆಂಬ ಲೆಕ್ಕ. ಬಾಯಿ ಸುಮಾರು 18.5 ಮಿಲಿಮೀಟರ್. ಇದರ ತೋಟೆಗಳನ್ನು ನಮ್ಮ ಪುಣೆಯ ಬಳಿಯ ಖಡಕಿಯಲ್ಲಿ, 1869ರಲ್ಲಿ ಸ್ಥಾಪನೆಯಾದ ಸರಕಾರಿ ಕಾರ್ಖಾನೆಯಲ್ಲಿ 'ಶಕ್ತಿಮಾನ್' ಎಂಬ ಹೆಸರಿನಿಂದ ಮಾಡಿದ್ದಾರೆ.

ಈಗ ಮುಖ್ಯ ಪ್ರಶ್ನೆ. ಇಂಗ್ಲಿಷರ ಜೋಡುನಳಿಗೆಗೆ ನೇರ ಹಿಡಿ ಏಕೆ? ಅದಕ್ಕೆ ಎರಡು ಟ್ರಿಗರ್‌ಗಳಿವೆ, ಒಂದರ ಹಿಂದೊಂದು. ಮುಂದಿನದು ಬಲನಳಿಗೆಗೆ, ಹಿಂದಿನದು ಎಡನಳಿಗೆಗೆ. ಹಕ್ಕಿ ಹಾರಿದೆ, ಮೊದಲ ಈಡು ತಪ್ಪಿತು, ಕಣ್ಣು ಕೀಳದೆ ಕೈಯನ್ನು ಒಂದಂಗುಲ ಹಿಂದಕ್ಕೆ ಜಾರಿಸಿ ಎರಡನೆಯ ಟ್ರಿಗರ್ ಎಳೆಯಬೇಕು. ನೇರ ಕುತ್ತಿಗೆಯ ಮೇಲೆ ಕೈ ಜಾರುತ್ತದೆ. ಪಿಸ್ತೂಲು ಹಿಡಿಯಲ್ಲಿ ಕೈ ಒಂದೇ ಕಡೆ ಕಚ್ಚಿಕೊಳ್ಳುತ್ತದೆ. ಆಡಂಬರಕ್ಕೆ ಮಾಡಿದ ಆಕಾರವಲ್ಲ, ಕೆಲಸವೇ ಕೆತ್ತಿದ ಆಕಾರ.

ಅಮೆರಿಕದ ಟರ್ಕಿ ಬೇಟೆಗಾರನ ಕೆಲಸವೇ ಬೇರೆ. ವಸಂತದಲ್ಲಿ ಗಂಡುಹಕ್ಕಿ ಕೂಗುತ್ತದೆ. ಇವನು ಮರಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕುಳಿತು ಹೆಣ್ಣುಹಕ್ಕಿಯ ದನಿಯಲ್ಲಿ ಉತ್ತರ ಕೊಡುತ್ತಾನೆ. (ನಮ್ಮ ಹಳಗನ್ನಡದ ಬೇಟೆಯ ವರ್ಣನೆಗಳಲ್ಲಿ ಬರುವ ದೀವದ ಮೃಗದ ಉಪಾಯವೂ ಇಂಥದ್ದೇ.) ಮೊಣಕಾಲ ಮೇಲೆ ಕೋವಿಯಿಟ್ಟು ಗಂಟೆಗಟ್ಟಲೆ ಅಲುಗದೆ ಕಾಯಬೇಕು. ಹಕ್ಕಿ ನಡೆದು ಬರುತ್ತದೆ, ಹಾರಿ ಅಲ್ಲ; ಮೂವತ್ತು-ನಲವತ್ತು ಗಜದಲ್ಲಿ ತಲೆ ಮತ್ತು ಕತ್ತಿಗೆ ಗುರಿಯಿಟ್ಟು ಒಂದೇ ಈಡು. ಹೆಸರಿಗೆ ಚರೆಯ ಕೋವಿ, ಹೊಡೆಯುವ ರೀತಿ ರೈಫಲಿನದು. ಹಾಗೆ ಕುಳಿತಾಗ ಮೊಣಕೈ ಕೆಳಗಿಳಿದಿರುತ್ತದೆ. ನೇರ ಹಿಡಿಯಾದರೆ ಮಣಿಕಟ್ಟು ತಿರುಚಿ ನೋಯುತ್ತದೆ, ಬಾಗಿದ ಹಿಡಿಯಾದರೆ ಕೈ ತನ್ನ ಸಹಜ ಭಂಗಿಯಲ್ಲಿರುತ್ತದೆ. ಹೆಬ್ಬೆರಳಿನ ಹಿಂದೆ ಹಿಡಿ ಭದ್ರವಾಗಿ ಕೂರುವುದರಿಂದ ಕೋವಿಯನ್ನು ಹೆಗಲಿಗೆ ಎಳೆದು ಹಿಡಿಯಲೂ ಅನುಕೂಲ.

ಆ ಎಳೆತ ಅವರಿಗೆ ಬೇಕೇ ಬೇಕು. ಇಲ್ಲಿ ನಮ್ಮ ಬಿ.ಎಸ್ಸಿ.ಗೆ ಸ್ವಲ್ಪ ಕೆಲಸ ಸಿಕ್ಕಿತು. ಸಾಧಾರಣ ತೋಟೆಯ 32 ಗ್ರಾಂ ಚರೆ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟರೆ, ಮೂರು ಕಿಲೋ ತೂಕದ ಕೋವಿ ನ್ಯೂಟನ್ನನ ಮೂರನೆಯ ನಿಯಮದಂತೆ ಹಿಂದಕ್ಕೆ ಸೆಕೆಂಡಿಗೆ ನಾಲ್ಕು ಮೀಟರ್, ಹೊಗೆ ಮತ್ತು ಮುಚ್ಚಳಗಳ ಪಾಲು ಸೇರಿಸಿದರೆ ಐದರ ಹತ್ತಿರ, ವೇಗದಲ್ಲಿ ಬರುತ್ತದೆ. ಟರ್ಕಿಗೆಂದು ಮಾಡಿದ ಭಾರಿ ತೋಟೆಯಲ್ಲಿ 57 ಗ್ರಾಂ ಚರೆ ಇರುವುದುಂಟು; ಒದೆತದ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಆದರೆ ಒದೆತ ಎಷ್ಟು ಎಂಬುದಕ್ಕಿಂತ ಎಲ್ಲಿ ಬಡಿಯುತ್ತದೆ ಎಂಬುದು ಮುಖ್ಯ. ಮರದ ಹಿಂತುದಿ ನಳಿಗೆಯ ಗೆರೆಗಿಂತ ಬಹಳ ಕೆಳಗಿದ್ದರೆ ಕೋವಿ ಹೆಗಲಿನ ಸುತ್ತ ತಿರುಗಿ ಮೂತಿ ಮೇಲೇಳುತ್ತದೆ, ಮರದ ಬೆನ್ನು ಕೆನ್ನೆಗೆ ಬಡಿಯುತ್ತದೆ. ಮರ ಉದ್ದವಾದರೆ ಕಂಕುಳಿನ ಬಟ್ಟೆಗೆ ಸಿಕ್ಕುತ್ತದೆ. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ಅಳಿಯ ಹೇಳಿದ "ಒದೆತ ಕಡಿಮೆ" ಎಂಬುದು ಹಿಡಿಯ ಗುಣಕ್ಕಿಂತ ಹೆಚ್ಚಾಗಿ ಅವನ ಮರ ಅವನ ಮೈಗೆ ಸರಿಯಿದ್ದುದರ ಗುಣ.

ಇನ್ನೊಂದು ವ್ಯತ್ಯಾಸ ಅವನಿಗೆ ಹೊಳೆದಿರಲಿಕ್ಕಿಲ್ಲ. ಅಮೆರಿಕದ ಪಂಪ್ ಕೋವಿಗಳಲ್ಲಿ, ಉದಾಹರಣೆಗೆ 1950ರಲ್ಲಿ ಬಂದ ರೆಮಿಂಗ್ಟನ್ 870ರಲ್ಲಿ, ಹಿಂದಿನ ಮರವನ್ನು ಒಂದೇ ಉದ್ದನೆಯ ಬೋಲ್ಟು ಹಿಡಿದಿರುತ್ತದೆ. ಬಿಚ್ಚಿ ಬೇರೆ ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಟ್ರಿಗರೂ ಒಂದೇ, ಕೈ ಜಾರಿಸಬೇಕಾಗಿಲ್ಲ. ಜೋಡುನಳಿಗೆಯ ಮರವಾದರೋ ಯಂತ್ರಕ್ಕೆ ಮೈಗೆ ಮೈ ಅಂಟಿಸಿ ಕೆತ್ತಿದ್ದು. ಕುಶಲನಾದ ಕೆಲಸಗಾರ ಕಬ್ಬಿಣಕ್ಕೆ ದೀಪದ ಕಾಡಿಗೆ ಸವರಿ ಮರಕ್ಕೆ ಒತ್ತುತ್ತಾನೆ, ಕಪ್ಪು ಹತ್ತಿದ ಕಡೆ ಕೂದಲಷ್ಟು ಕೆರೆಯುತ್ತಾನೆ, ಮತ್ತೆ ಒತ್ತುತ್ತಾನೆ. ಮೇಲಾಗಿ ಟ್ರಿಗರಿನ ಹಿಂದೆ ಕುತ್ತಿಗೆಯುದ್ದಕ್ಕೂ ಹೋಗುವ ಕಬ್ಬಿಣದ ಪಟ್ಟಿ ನೇರ ಹಿಡಿಗೆ ನೇರವಾಗಿಯೇ ಇರುತ್ತದೆ. ಪಿಸ್ತೂಲು ಹಿಡಿ ಬೇಕೆಂದರೆ ಆ ಪಟ್ಟಿಯನ್ನೂ ಬಗ್ಗಿಸಬೇಕು. ಕೋವಿಯ ದುರಸ್ತಿಯನ್ನು ಪರವಾನಗಿ ಪಡೆದವನಷ್ಟೇ ಮಾಡಬಹುದೆಂದು ಕಾಯಿದೆ ಹೇಳುತ್ತದೆ. ಮನೆಯ ಆಚಾರಿಯ ಕೈಗೆ ಕೊಡುವ ಹಾಗಿಲ್ಲ.

ಮರ ಯಾವುದೆಂಬ ಚರ್ಚೆಯೂ ನಡೆಯಿತು. ಕೊಡಗಿನಲ್ಲಿ ಬೀಟೆಯಿದೆಯಲ್ಲ ಎಂದೆವು. ಬೀಟೆ ಚೆಲುವು ನಿಜ, ಆದರೆ ಭಾರ. ನೀರಿಗೆ ಹೋಲಿಸಿದರೆ ಅದರ ಸಾಂದ್ರತೆ ಸುಮಾರು 0.85, ಅಕ್ರೋಟು ಮರದ್ದು 0.65ರ ಆಸುಪಾಸು. ಹಿಂದೆ ಭಾರವಾದ ಕೋವಿ ಮೂತಿಯೆತ್ತಿ ನಿಲ್ಲುತ್ತದೆ, ಗುರಿಗೆ ತಿರುಗದು. ಹಗುರ, ಗಟ್ಟಿ, ಹವೆ ಬದಲಾದರೂ ಡೊಂಕಾಗದು ಎಂಬ ಕಾರಣಕ್ಕೆ ಅಕ್ರೋಟನ್ನೇ ನೂರಾರು ವರ್ಷ ಆರಿಸಿದ್ದಾರೆ.

ಇಷ್ಟನ್ನೂ ನಾವು ಒಂದು ಭಾನುವಾರ ಕಾಗದದ ಮೇಲೆ ಬರೆದುಕೊಂಡು ಹೋಗಿ ಟಿಪ್ಪಣಿಯಂತೆ ಓದಿದೆವು. ನೇರ ಹಿಡಿಯೇ ಇರಲಿ. ಬಿರುಕಿಗೆ ಅಂಟು ಹಾಕಿ ಹಿತ್ತಾಳೆಯ ಮೊಳೆ ಕೂಡಿಸಲಿ. ಪಿಸ್ತೂಲು ಹಿಡಿ ಅಳಿಯನ ಕೋವಿಗೇ ಶೋಭೆ. ಗೆಳೆಯರ ಮುಖ ಅರಳಿತು. ಅಜ್ಜನ ಅಂಗೈ ಸವೆಸಿದ ಜಾಗ ಉಳಿಯಿತಲ್ಲ ಎಂಬ ಸಮಾಧಾನ.

ಒಳಗಿನಿಂದ ಅವರ ಮಗಳು ಬಂದಳು. ಡೊಂಬಿವಲಿಯಲ್ಲೇ ಹುಟ್ಟಿದವಳು, ಕಾಲೇಜಿನ ಎನ್.ಸಿ.ಸಿ.ಯಲ್ಲಿ ನಮಗಿಂತ ಎಷ್ಟೋ ಚೆನ್ನಾಗಿ ಹೊಡೆಯುವವಳು. "ಅಪ್ಪ, ಬಿರುಕು ಬಿಡುವ ಮೊದಲೂ ಅದು ನನಗೆ ಆಗುತ್ತಿರಲಿಲ್ಲ. ಉದ್ದ. ಕಳೆದ ವರ್ಷ ತೆಂಗಿನಕಾಯಿಗೆ ಹೊಡೆದಾಗ ತೋಳಿಗೆ ಬಡಿದು ವಾರಗಟ್ಟಲೆ ನೀಲಿಗಟ್ಟಿತ್ತು. ನೀನೇ ಅಲ್ವಾ ಹೆಗಲಿಗೆ ಸರಿಯಾಗಿ ಇಟ್ಟುಕೋ ಅಂತ ಬೈದದ್ದು?" ಎಂದಳು.

ನಾವಿಬ್ಬರೂ ಸುಮ್ಮನಾದೆವು. ಹಿಡಿ ಬಾಗಿರಬೇಕೋ ನೆಟ್ಟಗಿರಬೇಕೋ ಎಂದು ತಿಂಗಳೆಲ್ಲ ಚರ್ಚಿಸಿದ ನಾವು ಕೋವಿಯನ್ನು ಇನ್ನು ಮುಂದೆ ಎತ್ತುವವರು ಯಾರೆಂದು ಕೇಳಿರಲೇ ಇಲ್ಲ. ಅಜ್ಜ ಆರಡಿ ಆಳು. ಟ್ರಿಗರಿನಿಂದ ಮರದ ತುದಿಗೆ ಹದಿನಾಲ್ಕೂವರೆ ಅಂಗುಲ. ಐದಡಿ ಎರಡಂಗುಲದ ಹುಡುಗಿಗೆ ಹದಿಮೂರೂವರೆ ಸಾಕು. ಅಣ್ಣನಿಗೆ ಗಂಡುಮಕ್ಕಳಿಲ್ಲ, ಇವರಿಗೆ ಇವಳೊಬ್ಬಳೇ. ಹುತ್ತರಿಯ ಗುಂಡು ಹಾರಿಸುವವರು ನಾಳೆ ಯಾರು? ಹಳೆಯ ಮರ ಕೊಯ್ಯುವುದೆಂದರೆ ಗೆಳೆಯರಿಗೆ ಜೀವ ಕೊಯ್ದಂತೆ. ಹಾಗೆಯೇ ಬಿಡುವುದೆಂದರೆ ಕೋವಿ ಪೂಜೆಯ ಕೋಣೆಯ ಗೋಡೆಗೇ.

ಅವರು ಅಂದು ಏನೂ ಹೇಳಲಿಲ್ಲ. ಹುತ್ತರಿಗೆ ಮಗಳನ್ನೂ ಕರೆದುಕೊಂಡು ಹೋದರು. ಊರಿನ ಹತ್ತಿರದ ಪೇಟೆಯಲ್ಲಿ ಪರವಾನಗಿಯಿರುವ ಒಬ್ಬ ಮುದುಕ ಕೆಲಸಗಾರ ಅವಳ ಕೈಗೆ ಕೋವಿ ಕೊಟ್ಟು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ ಮತ್ತೆ ಕಣ್ಣು ತೆರೆಯಲು ಹೇಳಿ, ನಳಿಗೆಯ ಗೆರೆ ಎಲ್ಲಿ ಕಾಣುತ್ತದೆಂದು ಮೂರು ಸಲ ಕೇಳಿದನಂತೆ. ಕುತ್ತಿಗೆಯನ್ನು ಅವನು ಮುಟ್ಟಲಿಲ್ಲ, ಬಿರುಕಿಗೆ ಮೊಳೆ ಕೂಡಿಸಿದ್ದು ಬಿಟ್ಟರೆ. ಹಿಂತುದಿಯಿಂದ ಒಂದಂಗುಲ ಕೊಯ್ದು, ತೆಳ್ಳನೆಯ ರಬ್ಬರು ಹಚ್ಚಿದ. ಕೊಯ್ದ ತುಂಡನ್ನು ಕಾಗದದಲ್ಲಿ ಸುತ್ತಿ, "ಇಟ್ಟುಕೊಳ್ಳಿ, ಉದ್ದ ಬೇಕಾದವರು ಹುಟ್ಟಿದರೆ ಮತ್ತೆ ಕೂಡಿಸಬಹುದು" ಎಂದನಂತೆ.

ಆ ತುಂಡು ಈಗ ಡೊಂಬಿವಲಿಯಲ್ಲಿ ಅವರ ಕಪಾಟಿನಲ್ಲಿ, ರೇಷನ್ ಕಾರ್ಡಿನ ಪಕ್ಕದಲ್ಲಿದೆ. ನಮಗೂ ತೋರಿಸಿದರು. ಅಂಗೈಯಗಲದ ಅಕ್ರೋಟು ಮರ, ಒಂದು ಮೂಲೆ ಕಪ್ಪಗೆ ನುಣುಪಾಗಿದೆ.